ವಿಜ್ಞಾನ ಪ್ರಶ್ನೋತ್ತರ: ಗಾಳಿ ಸುರಂಗದಲ್ಲಿ ತುದಿಗಳ ತಂಟೆ

ಪ್ರಶ್ನೆ: ಕಾಲೇಜಿನ 300 ಮಿ.ಮೀ. ಅಗಲದ ಗಾಳಿ ಸುರಂಗದಲ್ಲಿ 20 ಮಿ.ಮೀ. ವ್ಯಾಸದ ಪೈಪನ್ನು ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಕೂರಿಸಿ, ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬಿಟ್ಟೆವು. ಲೆಕ್ಕದಂತೆ ಪೈಪಿನ ಹಿಂದೆ ಸೆಕೆಂಡಿಗೆ ಸುಮಾರು 100 ಸಲ ಸುಳಿ ಕಳಚಬೇಕು. ಗಾಳಿಯ ವೇಗ ಅಳೆಯುವ ಹಾಟ್ ವೈರನ್ನು ಗೋಡೆಯತ್ತ ಸರಿಸಿದಂತೆ ಈ ಸಂಖ್ಯೆ ಇಳಿಯುತ್ತದೆ. ತಪ್ಪೆಲ್ಲಿದೆ ಸಾರ್?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಅಮರಾಪುರ

ಉತ್ತರ: ತಪ್ಪೇನಿಲ್ಲ, ಉಪಕರಣ ಇದ್ದದ್ದನ್ನೇ ಹೇಳುತ್ತಿದೆ. ವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸುವ ಸೂತ್ರ ತುದಿಗಳೇ ಇಲ್ಲದ ಸಿಲಿಂಡರಿನದು. ನಿಮ್ಮ ಪೈಪಿಗೆ ಎರಡು ತುದಿಗಳಿವೆ. ಗೋಡೆಗೆ ತಾಗಿ ಹರಿಯುವ ಗಾಳಿಯ ತೆಳುಪದರ, ಅಂದರೆ ಬೌಂಡರಿ ಲೇಯರ್, ನಿಧಾನವಾಗಿರುತ್ತದೆ. ಹಾಗಾಗಿ ಅಲ್ಲಿ ಸುಳಿಯೂ ನಿಧಾನವಾಗಿ ಕಳಚುತ್ತದೆ. ಪೈಪು ಗೋಡೆ ಸೇರುವ ಮೂಲೆಯಲ್ಲಿ ಲಾಳದಾಕಾರದ ಇನ್ನೊಂದು ಸುಳಿ ಸುತ್ತಿಕೊಂಡು ತೊಡಕು ಹೆಚ್ಚಿಸುತ್ತದೆ.

ಇದಕ್ಕೆ ಮದ್ದು ಎಂಡ್ ಪ್ಲೇಟು. ಗೋಡೆಯ ಪದರದಿಂದ ಆಚೆಗೆ, ಪೈಪಿನ ಎರಡೂ ಕಡೆ ತೆಳುವಾದ ಅಕ್ರಿಲಿಕ್ ಹಾಳೆ ಹಾಕಿ. ಅಳತೆ ಪೈಪಿನ ವ್ಯಾಸದ ಏಳೆಂಟು ಪಟ್ಟು ಇರಲಿ, ಎಂದರೆ ಸುಮಾರು 150 ಮಿ.ಮೀ. ಮುಂದಿನ ಅಂಚು ಚೂಪಾಗಿರಲಿ. ಪ್ಲೇಟಿನ ಮೇಲೂ ಹೊಸ ಪದರ ಬೆಳೆಯುವುದರಿಂದ ಪೈಪಿನ ಮುಂದೆ ಕಡಿಮೆ, ಹಿಂದೆ ಹೆಚ್ಚು ಚಾಚಿರಲಿ. ಬಳಿಕ ಹಾಟ್ ವೈರನ್ನು ಪೈಪಿನುದ್ದಕ್ಕೂ ಸರಿಸಿ ನೋಡಿ. ನಡುಭಾಗದಲ್ಲಿ ಸಂಖ್ಯೆ ಒಂದೇ ಆಗಿದ್ದು, ಪ್ಲೇಟುಗಳ ನಡುವಣ ಅಂತರ ಬದಲಿಸಿದರೂ ಕದಲದಿದ್ದರೆ ಆ ಅಳತೆಯನ್ನು ನಂಬಬಹುದು.

ತುದಿಗಳ ಹಿಡಿತ ನಡುಭಾಗದವರೆಗೂ ಮುಟ್ಟಬಲ್ಲದೆಂದು 1989ರಲ್ಲಿ ಸಂಶೋಧಕ ವಿಲಿಯಮ್ಸನ್ ತೋರಿಸಿದರು. ತುದಿಗಳಿಂದಾಗಿ ಸುಳಿಗಳು ಪೈಪಿಗೆ ಓರೆಯಾಗಿ ಕಳಚುತ್ತವೆ. 15 ಡಿಗ್ರಿ ಓರೆಯಾದರೆ ಸಂಖ್ಯೆ ಶೇ. 3ರಷ್ಟು ತಗ್ಗುತ್ತದೆ. ಪ್ಲೇಟುಗಳ ಮುಂದಂಚನ್ನು ತುಸು ಒಳಕ್ಕೆ ತಿರುಗಿಸಿ ಅವರು ಸುಳಿಗಳನ್ನು ನೆಟ್ಟಗಾಗಿಸಿದರು. ಅವರದು ಹರಿವಿನ ಸ್ವರೂಪ ಸೂಚಿಸುವ ರೆನಾಲ್ಡ್ಸ್ ಸಂಖ್ಯೆ 200ರೊಳಗಿನ ಪ್ರಯೋಗ, ನಿಮ್ಮದು ಸುಮಾರು 13,000. ಆದ್ದರಿಂದ ಪ್ಲೇಟುಗಳಿಗೆ ಅವರು ಕೊಟ್ಟ ಕೋನವನ್ನು ಹಾಗೆಯೇ ತೆಗೆದುಕೊಳ್ಳಬೇಡಿ.

ಬೌಂಡರಿ ಲೇಯರಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಸತೀಶ್ ಧವನ್ ಮತ್ತು ರೊದ್ದಂ ನರಸಿಂಹ 1958ರಲ್ಲಿ ಪ್ರಕಟಿಸಿದ ಪ್ರಬಂಧವನ್ನು ಓದಿ. ನರಸಿಂಹರ ಹೆಸರಿನಲ್ಲಿರುವ ರೊದ್ದಂ ನಿಮ್ಮ ಸೀಮೆಯದೇ ಊರು.

ಪ್ರಶ್ನೆ: ನಮ್ಮ ಕಡೆ ಗಾಳಿಯಂತ್ರದ ಕಂಬಗಳು ಬಹಳ. ಯಂತ್ರ ಕೂರಿಸುವ ಮುಂಚಿನ ಬರಿಗಂಬದ ಮಾದರಿಯನ್ನು ಪರೀಕ್ಷಿಸುವಾಗಲೂ ಎಂಡ್ ಪ್ಲೇಟು ಬೇಕೆ?
– ಓದುಗರು, ರಾಯದುರ್ಗ

ಉತ್ತರ: ಮೇಲ್ತುದಿಗೆ ಬೇಡವೇ ಬೇಡ. ಬಯಲಿನಲ್ಲಿ ನಿಂತ ಕಂಬಕ್ಕೆ ಆ ತುದಿ ನಿಜವಾಗಿಯೂ ಇದೆ. ಗಾಳಿ ತುದಿಯನ್ನು ಹಾಯ್ದು ಹಿಂಬದಿಗೆ ಇಳಿದು ಅಲ್ಲಿನ ಕುಗ್ಗಿದ ಒತ್ತಡವನ್ನು ಏರಿಸುತ್ತದೆ; ಅದರಿಂದ ಕಂಬದ ಮೇಲಿನ ಎಳೆತ ತಗ್ಗುತ್ತದೆ. ಪ್ಲೇಟು ಹಾಕಿದರೆ ಇದೇ ಮರೆಯಾಗುತ್ತದೆ. ಬುಡದಲ್ಲಿ ನೆಲವಿರಲಿ, ಮೇಲೇರಿದಂತೆ ವೇಗ ಹೆಚ್ಚುವ ಗಾಳಿಯೂ ಇರಲಿ. ಪ್ರಯೋಗದಿಂದ ಮಾತ್ರ ಹುಟ್ಟಿದ ತುದಿಯನ್ನು ನಿವಾರಿಸಬೇಕು. ವಸ್ತುವಿಗೇ ಇರುವ ತುದಿಯನ್ನು ಉಳಿಸಿಕೊಂಡೇ ಅಳೆಯಬೇಕು.