ಕೊಡಲಿ ಹಾಕಿಸುವ ಮುನ್ನ



ಕಾಫಿ ತೋಟದ ಕಾಡುಮರಗಳನ್ನೆಲ್ಲ ನಾಟಾ ವ್ಯಾಪಾರಿಗೆ ಒಪ್ಪಿಸಿ, ಅಲ್ಲಿ ಸಿಲ್ವರ್ ಓಕ್ ನೆಡಿಸಿ ಮೆಣಸು ಹಬ್ಬಿಸುವೆನೆಂದು ನೀನು ಬರೆದುದನ್ನು ಓದಿದಂದಿನಿಂದ ನಿನ್ನ ದೊಡ್ಡಪ್ಪನಾದ ನನಗೆ ನೆಮ್ಮದಿಯಿಲ್ಲ. ಸಾಲದ ಭಾರವನ್ನು ನಾನರಿಯದವನಲ್ಲ. ತೋಟ ನಿನ್ನದು, ನಿರ್ಧಾರವೂ ನಿನ್ನದೇ.

ನಮ್ಮ ಅಕ್ಕನ ವಿವಾಹದ ವರ್ಷ, ಇಂಥದೇ ವ್ಯಾಪಾರಿಯೊಬ್ಬನು ಮುಂಗಡದ ಹಣದೊಡನೆ ಜಗಲಿಯ ಮೇಲೆ ಕುಳಿತಿರುವಾಗ, ನಮ್ಮ ತಂದೆಯವರು ನನ್ನ ಕೈಗೆ ಸುಣ್ಣದ ಗಡಿಗೆಯನ್ನು ಕೊಟ್ಟು, ಹಳ್ಳದ ಎರಡೂ ದಡದ ಮರಗಳಿಗೂ, ಹೆಜ್ಜೇನು ಕಟ್ಟುತ್ತಿದ್ದ ಹೆಮ್ಮರಗಳಿಗೂ, ಹಕ್ಕಿಗಳು ನೆರೆಯುವ ಅತ್ತಿ, ಗೋಣಿಗಳಿಗೂ ಪಟ್ಟೆ ಬಳಿಸಿ, ಅವು ಮಾರಾಟಕ್ಕಲ್ಲವೆಂದೂ ಮಿಕ್ಕವುಗಳಲ್ಲಿ ಬೇಕಾದುದನ್ನು ಆರಿಸಿಕೊಳ್ಳಬಹುದೆಂದೂ ಆತನಿಗೆ ತಿಳಿಸಿದರು. ಮದುವೆಯೂ ನಡೆಯಿತು, ಹಳ್ಳವೂ ಉಳಿಯಿತು. ಆಚೆಯ ದಿಣ್ಣೆಯವರು ಅದೇ ಬೇಸಗೆಯಲ್ಲಿ ನೆರಳಿನ ಮರಗಳನ್ನೆಲ್ಲ ತೆಗೆಸಿದರು. ಬಿಸಿಲಿಗೆ ತೆರೆದ ಅರೇಬಿಕಾವೆಂದರೆ ಬಿಳಿ ಕಾಂಡಕೊರಕ ಹುಳುವಿಗೆ ಔತಣವಷ್ಟೆ. ಅವರು ಗಿಡ ಕಿತ್ತು ಸುಡುವುದನ್ನೂ, ಅವರ ಆಳುಗಳು ನೀರಿಗಾಗಿ ಕೊಡ ಹೊತ್ತು ನಮ್ಮ ಹಳ್ಳಕ್ಕೆ ಇಳಿದು ಬರುವುದನ್ನೂ ನೋಡುತ್ತಲೇ ನಾನು ದೊಡ್ಡವನಾದೆನು.

ತಂದೆಯವರು ಮಾಡಿದಂಥ ಕೆಲಸಕ್ಕೆ ಅಮೆರಿಕದಲ್ಲಿ 1982ರಿಂದ ಕಾನೂನಿನ ಮನ್ನಣೆಯೇ ಉಂಟು: ಅಳಿಯುತ್ತಿರುವ ಜೀವಿಗಳ ನೆಲೆಯನ್ನು ಹೇಗೆ ಕಾಯುವೆನೆಂಬ ಯೋಜನೆಯನ್ನು ಜಮೀನಿನ ಒಡೆಯನು ಮೊದಲೇ ಬರೆದೊಪ್ಪಿಸಿ ಅನುಮತಿ ಪಡೆದರೆ, ಮಿಕ್ಕ ನೆಲದಲ್ಲಿ ತನ್ನ ಕೆಲಸವನ್ನು ನಿರ್ಭೀತಿಯಿಂದ ನಡೆಸಬಹುದು. ನಮ್ಮಲ್ಲಾದರೋ, ಸಿಲ್ವರ್ ಓಕ್ ಕಡಿಯಲು ಅಪ್ಪಣೆ ಬೇಡ, ಕಾಡುಮರಕ್ಕೆ ಬೇಕು. ಈ ನಿಯಮವೇ ಬೆಳೆಗಾರನನ್ನು ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕಿನತ್ತ ತಳ್ಳಿರುವುದು. ನಿನ್ನನ್ನು ಪೂರ್ತಿ ದೂಷಿಸಲಾರೆ.

ಆದರೂ, ಕೃಷಿಯಲ್ಲಿ ಪದವಿ ಪಡೆದ ನಿನಗೆ, ರೊಬಸ್ಟಾ ಸ್ವಂತ ಪರಾಗದಿಂದ ಕಾಯಿ ಕಟ್ಟದೆಂಬುದನ್ನೂ, ಹೂಮಳೆಯಾದ ಮೇಲೆ ಅರಳುವ ಆ ಕೆಲವು ದಿನಗಳಲ್ಲಿ ಹೆಜ್ಜೇನು, ತುಡುವೆಗಳು ಬಾರದಿದ್ದರೆ ಫಸಲು ಕುಗ್ಗುವುದೆಂಬುದನ್ನೂ ನಾನು ಹೇಳಬೇಕೆ? ಕಾಡುಮರಗಳಿಲ್ಲದೆ ಅವುಗಳಿಗೆ ವರ್ಷವಿಡೀ ಹೂ ಒದಗಿಸುವವರಾರು? ಮೆಣಸು ಹಲಸಿನ ಮೇಲೂ ಹಬ್ಬುತ್ತದೆ, ಮರೆತೆಯೇನು? ಮರಗಳನ್ನೆಲ್ಲ ಕಡಿಸುವುದು ಜಾಣತನವಲ್ಲ, ಆತುರ.

ಮಾತು ಬಿರುಸಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ತೋಟದ ನಕ್ಷೆಯೊಂದನ್ನು ಬರೆದು, ಮುಟ್ಟಬಾರದ ಜಾಗಗಳನ್ನು ಮೊದಲು ಗುರುತಿಸು. ಉಳಿದೆಡೆ ಕೊಂಬೆ ಸವರುವ ಮರಗಸಿ ಮಾಡಿಸು, ಅಗತ್ಯವಿದ್ದರೆ ಅಪ್ಪಣೆ ಪಡೆದು ನಾಲ್ಕು ಮರ ಮಾರು. ವ್ಯಾಪಾರಿಯಿಂದ ಮುಂಗಡ ಪಡೆದಿದ್ದರೆ ಹಿಂದಿರುಗಿಸು. ಬ್ಯಾಂಕಿನ ಈ ಕಂತಿಗೆ ಸಾಲದಾದುದನ್ನು ನಾನು ಕೊಡುವೆನು, ಸಂಕೋಚಪಡದೆ ಬರೆ.