ದದ್ದಿಗೆ ಸಿಹಿಗುಳಿಗೆಯೇ ಕಾರಣವೇ?

ಸಕ್ಕರೆ ಕಾಯಿಲೆ ಪತ್ತೆಯಾದ ಮೇಲೆ ಕಾಫಿಗೆ ಆಸ್ಪರ್ಟೇಮ್ ಗುಳಿಗೆ, ಸಂಜೆಗೊಂದು ಶುಗರ್‌ಫ್ರೀ ಕಿತ್ತಳೆ ಪಾನೀಯ. ಈಗ ಮೂರು ವಾರದಿಂದ ತೋಳು, ಹೊಟ್ಟೆಯ ಮೇಲೆ ತುರಿಸುವ ದದ್ದು ಎಂದು ಬರೆದಿದ್ದೀರಿ. ಗುಳಿಗೆಯ ಮೇಲೆ ಅನುಮಾನ ಸಹಜ. ಆದರೆ ಆಸ್ಪರ್ಟೇಮ್‌ಗೆ ನಿಜವಾದ ಅಲರ್ಜಿ ಬಲು ಅಪರೂಪ. ಅದರಿಂದಲೇ ದದ್ದೇಳುತ್ತದೆ ಎಂದು ನಂಬಿದ್ದ 21 ಮಂದಿಗೆ ಅಮೆರಿಕದಲ್ಲಿ ಯಾವುದು ಯಾವುದೆಂದು ಹೇಳದೆ ಅದನ್ನೂ ಹುಸಿ ಗುಳಿಗೆಯನ್ನೂ ಕೊಟ್ಟು ನೋಡಿದರು. 1993ರಲ್ಲಿ ಫಲಿತಾಂಶ ಬಂತು. ದದ್ದೆದ್ದದ್ದು ನಾಲ್ಕೇ ಸಲ: ಎರಡು ಆಸ್ಪರ್ಟೇಮ್ ನುಂಗಿದ ಮೇಲೆ, ಎರಡು ಹುಸಿ ಗುಳಿಗೆ ನುಂಗಿದ ಮೇಲೆ!

ಹಾಗಂತ ನಿಮ್ಮ ತುರಿಕೆ ಸುಳ್ಳಲ್ಲ. ಆ ಪಾನೀಯದ ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ. 951 ಎಂದರೆ ಆಸ್ಪರ್ಟೇಮ್, 955 ಸುಕ್ರಲೋಸ್. ಪಕ್ಕದಲ್ಲೇ 102 ಅಥವಾ 110 ಇದ್ದರೆ ಅವು ಬಣ್ಣಗಳು. ಕೆಲವರಿಗೆ ದದ್ದು ತರುವುದು ಅವೇ. ಇನ್ನೊಂದು ಮಾತು, ನೀವು ಬರೆಯದೇ ಬಿಟ್ಟದ್ದು: ಸಕ್ಕರೆ ಕಾಯಿಲೆಯ ಮಾತ್ರೆಯೂ ಆಗಲೇ ಶುರುವಾಯಿತೇ? ನನಗೆ ಅದರ ಮೇಲೇ ಹೆಚ್ಚು ಗುಮಾನಿ. ನೀವಾಗಿಯೇ ಅದನ್ನು ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ಮೊದಲು ಪಾನೀಯ ಬಿಡಿ, ಎರಡು ವಾರದ ನಂತರ ಸಿಹಿಗುಳಿಗೆ. ತಿಂದದ್ದು, ದದ್ದೆದ್ದ ಹೊತ್ತು ಎರಡನ್ನೂ ಬರೆದಿಡಿ. ಶುಗರ್‌ಫ್ರೀ ಮಿಠಾಯಿ ತಿಂದು ಹೊಟ್ಟೆ ಕೆಟ್ಟರೆ ಅದು ಅಲರ್ಜಿಯಲ್ಲ, ಸಾರ್ಬಿಟಾಲ್, ಮಾಲ್ಟಿಟಾಲ್‌ಗಳ ಕಿತಾಪತಿ.

ತುಟಿ ಊದಿದರೆ, ಉಸಿರು ಕಟ್ಟಿದರೆ ಡೈರಿ ಪಕ್ಕಕ್ಕಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.