ಕಾಡಂಚಿನ ಮನೆಗೆ ಅಡುಗೆ ಸಾಮಾನು ಹೊರುವ ಮಕ್ಕಳಿಗೆ

ಮಕ್ಕಳೇ, ಕ್ರಿಸ್‌ಮಸ್ ರಜೆಗೆ ನೀವೆಲ್ಲ ಸೇರಿ ಹೆಬ್ರಿಯಿಂದ ಮೇಲೆ, ಘಾಟಿಯ ಬುಡದಲ್ಲಿ ಒಂದು ಮನೆ ಬುಕ್ ಮಾಡಿದ್ದೀರಂತೆ. ಇಡೀ ಮನೆ ನಿಮಗೇ, ಗ್ಯಾಸು, ಫ್ರಿಜ್ಜು, ಪಾತ್ರೆಪಗಡೆ ಎಲ್ಲ ಉಂಟು, ಅಡುಗೆ ಮಾತ್ರ ನೀವೇ ಮಾಡಿಕೊಳ್ಳಬೇಕಂತೆ. ಒಳ್ಳೆಯದಾಯಿತು. ರಿಸಾರ್ಟಿನಲ್ಲಿ ತಟ್ಟೆ ಹಿಡಿದು ಸಾಲು ನಿಲ್ಲುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಸೋಮೇಶ್ವರ, ಕುದುರೆಮುಖದ ಕಾಡುಗಳಲ್ಲಿ ಫಾರೆಸ್ಟ್ ಗಾರ್ಡ್ ಆಗಿ ಚಪ್ಪಲಿ ಸವೆಸಿ, ಈಗ ಬೆಳ್ಮಣ್ಣಿನ ಜಗಲಿಯಲ್ಲಿ ಕೂತಿರುವ ಮುದುಕನಿಗೆ ನಾಲ್ಕು ಮಾತು ಹೇಳದೆ ಇರಲಿಕ್ಕೆ ಆಗುವುದಿಲ್ಲ. ಫೋನು ಸ್ವಲ್ಪ ಬದಿಗಿಟ್ಟು ಕೇಳಿ.

ನಿಮಗೆ ಹೊಸತು ಅನಿಸಿದ ಈ ಕ್ರಮ ಹಳೆಯದೇ. ಕಾಡಿನ ಐಬಿಗಳಲ್ಲಿ, ಅಂದರೆ ಸರಕಾರಿ ಬಂಗಲೆಗಳಲ್ಲಿ, ಆಗ ಮೆನು ಅಂತ ಏನೂ ಇರಲಿಲ್ಲ. ಬರುವವರು ಅಕ್ಕಿ, ಬೇಳೆ, ಎಣ್ಣೆ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ ಸಮೇತ ಜೀಪಿನಿಂದ ಇಳಿಯುತ್ತಿದ್ದರು. ಬೇಯಿಸಿ ಬಡಿಸುವವನು ಮೇಟಿ. ಬಂದವರ ಕಣ್ಣಿಗೆ ಅವನು ಬರೀ ಅಡುಗೆಯವ. ಅವನ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಅವರು ಉಂಡು ಕೈತೊಳೆದ ಮೇಲೆ. ಗಂಜಿ ತೆಳಿಯನ್ನು ಅಂಗಳಕ್ಕೆ ಚೆಲ್ಲುತ್ತಿರಲಿಲ್ಲ. ಪಾತ್ರೆಗಳನ್ನು ಆಗಲೇ ತೊಳೆದು ಒಳಗೆ ಕವುಚಿ ಹಾಕುತ್ತಿದ್ದ. ಅಕ್ಕಿ ಡಬ್ಬಿಯ ಮುಚ್ಚಳ ಒತ್ತಿ ನೋಡಿ, ನೆಲದಲ್ಲಿ ಬಿದ್ದ ಅಗುಳನ್ನೂ ಗುಡಿಸಿ, ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ, ಬಾಗಿಲಿಗೆ ಅಗಳಿ ಹಾಕಿಯೇ ಮಲಗುತ್ತಿದ್ದ. ಎಂಥ ದೊಡ್ಡ ಸಾಹೇಬರು ಬಂದಿದ್ದರೂ ಆ ಕ್ರಮ ತಪ್ಪುತ್ತಿರಲಿಲ್ಲ.

ನೀವು ಹೋಗುವ ಮನೆಯಲ್ಲಿ ಮೇಟಿ ಇರುವುದಿಲ್ಲ. ಬೀಗದ ಕೈ ಕೊಟ್ಟು ಮನೆಯವರು ಹೋಗಿಬಿಡುತ್ತಾರೆ. ಅಡುಗೆ ಮಾಡಲಿಕ್ಕೆ ನಿಮ್ಮಲ್ಲಿ ಹತ್ತು ಜನ ಮುಂದೆ ಬಂದಾರು. ಉಂಡ ಮೇಲೆ ಅಡುಗೆಮನೆ ಮುಚ್ಚುವವರು ಯಾರು ಅಂತ ಹೊರಡುವ ಮೊದಲೇ ಹೆಸರು ಹಿಡಿದು ಹೇಳಿಕೊಳ್ಳಿ. ಇಡೀ ಕಿವಿಮಾತಿನಲ್ಲಿ ಇದೊಂದು ನೆನಪಿಟ್ಟರೂ ಸಾಕು.

ನಿಮ್ಮಲ್ಲಿ ಒಬ್ಬಳು ಕಂಪನಿ ಕೆಲಸಕ್ಕೆ ಜೋಹಾನ್ಸ್‌ಬರ್ಗಿಗೆ ಹೋದಾಗ ಕ್ರೂಗರ್ ಬದಿಯ ಖಾಸಗಿ ಕಾಡಿನಲ್ಲಿ ಇಂಥದೇ ಮನೆಯಲ್ಲಿ ಉಳಿದು ಬಂದಳಲ್ಲ, ಆ ಫೋಟೊ ನೋಡಿಯೇ ಉಳಿದವರಿಗೆ ಹುಚ್ಚು ಹಿಡಿದದ್ದು ಅಂತ ನನಗೆ ಗೊತ್ತು. ಅಲ್ಲಿಯ ಲೆಕ್ಕವೇ ಬೇರೆ. 1991ರಲ್ಲಿ ದಕ್ಷಿಣ ಆಫ್ರಿಕದವರು ಮಾಡಿದ ಕಾನೂನಿನಂತೆ ಸರಿಯಾಗಿ ಬೇಲಿ ಹಾಕಿದ ಜಾಗದೊಳಗಿನ ಕಾಡುಪ್ರಾಣಿ ಆ ಜಾಗದ ಧನಿಯದ್ದು. ಹಾಗಾಗಿ ಖಾಸಗಿಯವರು ಸಾವಿರಾರು ಎಕರೆ ಕಾಡು ಇಟ್ಟುಕೊಂಡು ಲಾಡ್ಜ್ ನಡೆಸುತ್ತಾರೆ. ಕ್ರೂಗರ್ 1926ರಿಂದ ರಾಷ್ಟ್ರೀಯ ಉದ್ಯಾನ. ಅದಕ್ಕೂ ಪಕ್ಕದ ಸಾಬಿ ಸ್ಯಾಂಡ್ ಎಂಬ ಖಾಸಗಿ ಕಾಡಿಗೂ ನಡುವೆ ಇದ್ದ ಬೇಲಿಯನ್ನು 1993ರಲ್ಲಿ ತೆಗೆದರು, ಸಿಂಹ ಆನೆಗಳು ಆಚೀಚೆ ತಿರುಗುತ್ತವೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಯಾವ ಧನಿಯೂ ಒಂದು ಕಾಟಿಯನ್ನು ತೋರಿಸಿ ಇದು ನನ್ನದು ಅನ್ನುವ ಹಾಗಿಲ್ಲ. ಕೊಡಗಿನಲ್ಲಿ ಅನಿಲ್ ಮತ್ತು ಪಮೇಲಾ ಮಲ್ಹೋತ್ರಾ ದಂಪತಿ 1991ರಿಂದ ಪಾಳುಬಿದ್ದ ತೋಟಗಳನ್ನು ಒಂದೊಂದಾಗಿ ಕೊಂಡು, ಸುಮಾರು 300 ಎಕರೆಯನ್ನು ಕಾಡಾಗಲು ಬಿಟ್ಟದ್ದುಂಟು, ಸಾಯಿ ಸ್ಯಾಂಕ್ಚುರಿ ಅಂತ. ಅಲ್ಲಿಯೂ ಅವರದ್ದು ನೆಲ ಮಾತ್ರ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನೀವು ದುಡ್ಡು ಕೊಟ್ಟದ್ದು ಒಬ್ಬರ ಸ್ವಂತ ವರ್ಗದ ಜಾಗದಲ್ಲಿರುವ ಮನೆಗೆ. ತೋಟದ ಕೊನೆಯ ಬೇಲಿ ದಾಟಿದರೆ ಅದು ಸೋಮೇಶ್ವರ ಅಭಯಾರಣ್ಯ. 1974ರಲ್ಲಿ 88 ಚದರ ಕಿಲೋಮೀಟರ್ ಇದ್ದದ್ದು ಈಗ 314 ಆಗಿದೆ; ಮನೆಯ ಹಿಂದಿನ ಹಾಡಿ ಎಲ್ಲಿ ಮುಗಿಯುತ್ತದೆ, ಅಭಯಾರಣ್ಯ ಎಲ್ಲಿ ಶುರುವಾಗುತ್ತದೆ ಅಂತ ನಿಮಗೆ ನೋಡಿದರೆ ಗೊತ್ತಾಗುವುದಿಲ್ಲ. ಅನುಮತಿ ಇಲ್ಲದೆ ಒಳಗೆ ಹೋದರೆ ಕೇಸು. "ಸ್ವಲ್ಪ ನೋಡಿ ಬಂದದ್ದು ಸಾರ್" ಅಂತ ಗಾರ್ಡ್ ಹತ್ತಿರ ಹೇಳುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಒಳಗೇ ಉಳಿಯುವ ಆಸೆ ಇದ್ದರೆ ಹೊಳೆ ಬದಿಯಲ್ಲಿ ಸೀತಾನದಿ ನೇಚರ್ ಕ್ಯಾಂಪ್ ಉಂಟು, ಸರಕಾರದ್ದೇ. ಅಲ್ಲಿ ಊಟ ಅವರದೇ, ನಿಮ್ಮ ಸೌಟಿಗೆ ಕೆಲಸ ಇಲ್ಲ.

ಕ್ರೂಗರಿನ ಮನೆಗಳ ಬಗ್ಗೆ ನನಗೆ ಮೆಚ್ಚುಗೆಯಾದದ್ದು ಸಿಂಹ ಅಲ್ಲ, ಫ್ರಿಜ್ಜು. ಅಲ್ಲಿ ಜಗಲಿಯಲ್ಲಿಟ್ಟ ಫ್ರಿಜ್ಜಿಗೆ ಚಿಲಕ, ಸರಳು ಇರುತ್ತದೆ. ಬಬೂನುಗಳಿಗೂ ತರಕರಡಿಗೂ ಫ್ರಿಜ್ಜಿನ ಬಾಗಿಲು ತೆರೆಯುವುದು ಗೊತ್ತು. ಬೇಲಿಯ ಬದಿಗೆ ಬರುವ ಕತ್ತೆಕಿರುಬಕ್ಕೆ ಎಲುಬು ಎಸೆಯಬೇಡಿ ಅಂತ ಬೋರ್ಡು ಹಾಕುತ್ತಾರೆ. ಎಸೆದವನು ನಾಳೆ ವಿಮಾನ ಹತ್ತುತ್ತಾನೆ. ಮನುಷ್ಯರ ಹತ್ತಿರ ಬರಲು ಕಲಿತ ಪ್ರಾಣಿಯನ್ನು ಕೊನೆಗೆ ಗುಂಡು ಹೊಡೆದು ಕೊಲ್ಲಬೇಕಾಗುತ್ತದೆ.

ನಮ್ಮ ಘಾಟಿಯಲ್ಲಿ ಗುಂಡಿನ ಕೆಲಸವನ್ನು ಟಯರು ಮಾಡುತ್ತದೆ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕಾರು ನಿಲ್ಲಿಸಿ ಚಿಪ್ಸು, ಬಾಳೆಹಣ್ಣು ಕೊಡುವವರಿಗೆ ತಾವು ಪುಣ್ಯ ಮಾಡುತ್ತಿದ್ದೇವೆ ಅನ್ನುವ ಭ್ರಮೆ. ಸಾಮಾನ್ಯ ಮಂಗಗಳ ಜತೆ ಸಿಂಗಳೀಕವೂ ರಸ್ತೆಗೆ ಇಳಿಯಲು ಕಲಿತಿದೆ. ಮರದ ತುದಿಯಿಂದ ತುದಿಗೆ ಹೋಗುತ್ತಾ ಹೆಚ್ಚುಕಡಿಮೆ ನೆಲ ಮುಟ್ಟದೆ ಬದುಕುವ ಪ್ರಾಣಿ ಅದು. ಕರ್ನಾಟಕ, ಕೇರಳ, ತಮಿಳುನಾಡಿನ ಘಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. ಅದು ಟಾರಿನ ಮೇಲೆ ಕೂತು ಪ್ಯಾಕೆಟ್ ನೆಕ್ಕುವಾಗ ತಿರುವಿನಲ್ಲಿ ಬಸ್ಸು ಬರುತ್ತದೆ. ಕಾರಿನ ಗಾಜು ಇಳಿಸಲೇ ಬೇಡಿ.

ಮನೆಯಲ್ಲಿಯೂ ಅದೇ. ಬಾಳೆಗೊನೆಯನ್ನು ಜಗಲಿಯ ಪಕ್ಕಾಸಿಗೆ ತೂಗುಹಾಕಿದರೆ ಬೆಳಿಗ್ಗೆ ಫೋಟೊ ಚೆಂದ ಬರುತ್ತದೆ, ಮಧ್ಯಾಹ್ನದೊಳಗೆ ಮಂಗ ಹಂಚು ತೆಗೆದು ಒಳಗೆ ಇಳಿಯುತ್ತದೆ. ನೀವು ಸೋಮವಾರ ಮಣಿಪಾಲಕ್ಕೋ ಬೆಂಗಳೂರಿಗೋ ಹೊರಟುಬಿಡುತ್ತೀರಿ, ಹಂಚು ತೆಗೆಯಲು ಕಲಿತ ಮಂಗ ಪಕ್ಕದ ಮನೆಯ ಮುದುಕಿಯ ಮಾಡಿಗೆ ಹತ್ತುತ್ತದೆ.

ಅಡುಗೆಮನೆಯ ಒಂದು ಹಿಡಿ ಅಕ್ಕಿ ಎಷ್ಟು ದೂರ ಹೋಗುತ್ತದೆ ನೋಡಿ. ಮೂಲೆಯಲ್ಲಿ ಅಕ್ಕಿ ಚೆಲ್ಲಿದರೆ ಇಲಿ ಬರುತ್ತದೆ. ಇಲಿಯ ಹಿಂದೆ ಕೇರೆ. ಕೇರೆಯ ಹಿಂದೆ ಕಾಳಿಂಗ, ಅದಕ್ಕೆ ಹಾವೇ ಆಹಾರ. ಆಗುಂಬೆಯ ಸುತ್ತ ಕಾಳಿಂಗ ಇರುವಷ್ಟು ಬೇರೆ ಕಡೆ ಸಿಗುವುದು ಕಷ್ಟ ಅಂತಲೇ ರೋಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು. ಕಾಳಿಂಗ ಕಾಲು ಕೆರೆದು ಜಗಳಕ್ಕೆ ಬರುವ ಹಾವಲ್ಲ, ದಾರಿ ಬಿಟ್ಟರೆ ಹೋಗುತ್ತದೆ. ಆದರೆ ನಮ್ಮ ದೇಶದ ಆಸ್ಪತ್ರೆಗಳಲ್ಲಿರುವ ಸಾಮಾನ್ಯ ಔಷಧಿ ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಿಸಿದ್ದು, ಕಾಳಿಂಗನದ್ದಕ್ಕಲ್ಲ. ಯಾವುದೇ ಹಾವು ಕಚ್ಚಿದರೂ ಗಾಯ ಕುಯ್ಯುವುದು, ಹಗ್ಗ ಬಿಗಿಯುವುದು, ಹಾವನ್ನು ಅಟ್ಟಿಕೊಂಡು ಹೋಗುವುದು ಏನೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ಕಾರಿನಲ್ಲಿ ಹಾಕಿಕೊಂಡು ಮಣಿಪಾಲದ ದಾರಿ ಹಿಡಿಯಿರಿ. ರಾತ್ರಿ ಬಚ್ಚಲಿಗೆ ಹೋಗುವಾಗಲೂ ಟಾರ್ಚು, ಹೊರಗಿಟ್ಟ ಶೂ ಕೊಡವಿಯೇ ಕಾಲಿಗೆ.

ಎಲುಬಿನ ಕಥೆಯೂ ಹೀಗೇ. ಅಂಗಳದ ಅಂಚಿಗೆ ಕೋಳಿ ಎಲುಬು ಎಸೆದರೆ ಊರ ನಾಯಿ ಬರುತ್ತದೆ, ನಾಯಿಯ ವಾಸನೆಗೆ ಚಿರತೆ. ಬೆಳ್ಮಣ್ಣಿನವರಿಗೆ ಇದನ್ನು ಬಿಡಿಸಿ ಹೇಳಬೇಕೇ? ನಮ್ಮ ಗುಡ್ಡೆಗಳಲ್ಲೇ ರಾತ್ರಿ ಕಟ್ಟಿದ ನಾಯಿ ಬೆಳಗಾಗುವಾಗ ಇರುವುದಿಲ್ಲ. ಹಾಗಾಗಿ ನಿಮ್ಮ ಆ ಬಿಳಿ ರೋಮದ ಮರಿಯನ್ನು ಅಮ್ಮನ ಹತ್ತಿರ ಬಿಟ್ಟು ಹೋಗಿ. ಅಳಲಿ, ಜೀವ ಇರುತ್ತದೆ.

ಇನ್ನು ಏನು ಒಯ್ಯುವುದು ಅಂತ ಕೇಳಿದಿರಲ್ಲ. ಕುಚ್ಚಲಕ್ಕಿ ಬೇಡ, ಬೇಯುವಷ್ಟರಲ್ಲಿ ಗ್ಯಾಸೇ ಮುಗಿದೀತು; ಬೆಳ್ತಿಗೆ ಅಕ್ಕಿ ಸಾಕು. ಮೊದಲ ರಾತ್ರಿಗೆ ಕೋರಿರೊಟ್ಟಿಯಷ್ಟು ಅನುಕೂಲದ್ದು ಬೇರೆ ಇಲ್ಲ. ರೊಟ್ಟಿಯ ಪ್ಯಾಕೆಟ್ ಅಂಗಡಿಯಲ್ಲಿ ಸಿಗುತ್ತದೆ, ಮಸಾಲೆಯನ್ನು ಮನೆಯಲ್ಲೇ ಕಡೆದು ಡಬ್ಬಿಗೆ ಹಾಕಿ, ಕೋಳಿಯನ್ನು ನಮ್ಮ ಪೇಟೆಯಲ್ಲೇ ತುಂಡು ಮಾಡಿಸಿ ಐಸಿನಲ್ಲಿಟ್ಟು ಒಯ್ಯಿರಿ. ಗರಿ, ಕರುಳಿನ ರಗಳೆ ಇಲ್ಲಿಗೇ ಮುಗಿಯುತ್ತದೆ. ಎರಡನೆಯ ದಿನಕ್ಕೆ ಹುರುಳಿ ಸಾರು, ಚಟ್ನಿಪುಡಿ, ಅವಲಕ್ಕಿ. ಒಣಮೀನು ಬೇಕೇ ಬೇಕು ಅನ್ನುವವರು ಇಲ್ಲಿಯೇ ಚಟ್ನಿ ಮಾಡಿಸಿ ಬಾಟ್ಲಿಯಲ್ಲಿ ತೆಗೆದುಕೊಂಡು ಹೋಗಿ. ಅಲ್ಲಿ ಕೆಂಡದ ಮೇಲೆ ಒಣ ಬಂಗುಡೆ ಸುಟ್ಟರೆ ಆ ವಾಸನೆ ನಿಮಗಿಂತ ಮೊದಲು ಪುನುಗು ಬೆಕ್ಕಿಗೂ ಕಾಡುಹಂದಿಗೂ ಮುಟ್ಟುತ್ತದೆ. ಸ್ಟೀಲ್ ಡಬ್ಬಿ ಆಗಬೇಕು, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಯಾವುದನ್ನೂ ಇಡಬೇಡಿ. ಹಿಂದೆ ಮೇಟಿ ಹೊಂಡ ತೋಡಿ ಹುಗಿಯುತ್ತಿದ್ದದ್ದನ್ನು ಈಗ ನೀವು ಹುಗಿಯಲಿಕ್ಕೂ ಹೋಗಬೇಡಿ. ಮನೆಗಳು ಹೆಚ್ಚಾಗಿವೆ, ಹಂದಿ ಅದೇ ರಾತ್ರಿ ಕೆದಕುತ್ತದೆ.

ಬೆಂಕಿ ಹಾಕಿ ಸುತ್ತ ಕೂರುವ ಆಸೆ ಎಲ್ಲರಿಗೂ ಇರುತ್ತದೆ. ಡಿಸೆಂಬರಿಗೆ ಹುಲ್ಲು ಒಣಗಲು ಶುರುವಾಗಿರುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಆಗುಂಬೆಯ ಆಸುಪಾಸಿನಲ್ಲೂ ಬೇಸಗೆ ಬಂತೆಂದರೆ ತರಗೆಲೆಗೆ ಕಿಡಿ ಸಾಕು. ಬೇಡ ಅಂದರೆ ಬೇಡ. ಚಳಿಯಾದರೆ ಕಂಬಳಿ ಹೊದೆಯಿರಿ.

ತರಗೆಲೆಯ ಇನ್ನೊಂದು ವಿಚಾರ, ಇದನ್ನು ಸಸಾರ ಮಾಡಬೇಡಿ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗೊತ್ತಾದದ್ದು, ಇವತ್ತಿಗೂ ಘಟ್ಟದ ಊರುಗಳನ್ನು ಬಿಟ್ಟಿಲ್ಲ. ಹರಡುವುದು ಉಣ್ಣಿಯಿಂದ. ಮಳೆ ನಿಂತ ಮೇಲಿಂದ ಮೇ ತನಕ ಅದರ ಕಾಲ, ಅಂದರೆ ನೀವು ಹೋಗುವುದೂ ಅದೇ ಕಾಲಕ್ಕೆ. ಒಣ ಎಲೆಯ ಮೇಲೆ ಕೂರುವುದು, ಮಲಗಿ ರೀಲ್ಸ್ ಮಾಡುವುದು ಬೇಡ. ಪ್ಯಾಂಟಿನ ಕಾಲನ್ನು ಸಾಕ್ಸಿನೊಳಗೆ ಹಾಕಿ. ಚೆಂದ ಕಾಣುವುದಿಲ್ಲ, ಪರವಾಗಿಲ್ಲ. ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಸಿಕ್ಕಿದರೆ ಕೈಕಾಲಿಗೆ ಹಚ್ಚಿ. ಸಂಜೆ ಬಿಸಿನೀರಿನಲ್ಲಿ ಮಿಂದು ಬಟ್ಟೆಯನ್ನೂ ನೆನೆಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರವರಿಗೆ ಹೇಳಿ. ಬಂದ ಮೇಲೆ ಒಂದೆರಡು ವಾರದೊಳಗೆ ಜ್ವರ, ತಲೆನೋವು ಶುರುವಾದರೆ ಕಾಡಿಗೆ ಹೋಗಿದ್ದೆವು ಅನ್ನುವ ಮಾತನ್ನು ಡಾಕ್ಟರಿಗೆ ಮೊದಲು ಹೇಳಿ.

ಕಾಟಿ ಕಂಡೀತು, ತೋಟದ ಬದಿಗೆ ಸಂಜೆ ಬರುತ್ತದೆ. ಗಂಡು ಒಂದು ಟನ್ನಿನವರೆಗೂ ತೂಗುತ್ತದೆ. ಸುಮ್ಮನೆ ಮೇಯುತ್ತಿದೆ ಅಂತ ಸೆಲ್ಫಿಗೆ ಹೋಗಬೇಡಿ, ಜಗಲಿಯಿಂದಲೇ ಧಾರಾಳ ಕಾಣುತ್ತದೆ. ಸ್ಪೀಕರ್ ಹಾಕಿ ಬೊಬ್ಬೆ ಹೊಡೆದರೆ ಅದೂ ಇಲ್ಲ. ಗೌಜಿ ಬೇಕಾದವರು ಕಾಡಿಗೆ ಯಾಕೆ ಹೋಗಬೇಕು ಮಾರಾಯ್ರೇ? ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿದೆ, ಎಲ್ಲಿಯಾದರೂ ಆಟಕ್ಕೆ ಹೋಗಿ ಬೆಳಗಿನವರೆಗೆ ಚೆಂಡೆ ಕೇಳಿ.

ಪಾತ್ರೆ ತೊಳೆಯಲು, ಗುಡಿಸಲು ಆ ಊರಿನ ಯಾರಾದರೊಬ್ಬ ಅಕ್ಕ ಬರುತ್ತಾರೆ. ಅವರನ್ನು ಅಕ್ಕಾ ಅಂತಲೇ ಕರೆಯಿರಿ. ಕಾಟಿ ಎಲ್ಲಿ ಇಳಿಯುತ್ತದೆ, ಯಾವ ಕಟ್ಟೆಯ ಬದಿ ಹಾವು ಕಂಡಿತ್ತು ಅನ್ನುವುದು ನಿಮ್ಮ ಗೂಗಲ್ಲಿಗೆ ಗೊತ್ತಿಲ್ಲ, ಅವರಿಗೆ ಗೊತ್ತು. ಇನ್ನೊಂದು ಸಲ ಚಹಾ ಮಾಡಿ ಕೊಡಿ ಅಂತ ಅವರನ್ನು ಕತ್ತಲಾಗುವವರೆಗೆ ನಿಲ್ಲಿಸಿಕೊಳ್ಳಬೇಡಿ. ನೀವು ಕಾರಿನಲ್ಲಿ ಬಂದವರು, ಅವರು ಆ ಕಾಲುದಾರಿಯಲ್ಲಿ ನಡೆದೇ ಹೋಗಬೇಕು. ಹೊರಡುವಾಗ ಕೈಗೆ ನಾಲ್ಕು ಕಾಸು ಕೊಡಿ, ಮಿಕ್ಕಿದ ಮಸಾಲೆಯನ್ನಲ್ಲ.

ಹೊರಡುವ ದಿನ ಕಾರ್ಕಳದ ದಾರಿ ಹಿಡಿಯುವ ಮೊದಲು ಇಲ್ಲಿಗೆ ಬಂದು ಹೋಗಿ. ಪೈಂಟಿನ ಖಾಲಿ ಬಕೆಟು, ಮುಚ್ಚಳ ಗಟ್ಟಿ ಕೂರುವಂಥದ್ದು, ತೊಳೆದು ಇಟ್ಟಿದ್ದೇನೆ. ಎಲುಬು, ಸಿಪ್ಪೆ, ಮಿಕ್ಕಿದ ಅನ್ನ, ಪ್ಯಾಕೆಟು ಎಲ್ಲ ಅದರಲ್ಲಿ ತುಂಬಿ, ಮುಚ್ಚಳ ಒತ್ತಿ, ಬರುವಾಗ ಕಾರಿನ ಡಿಕ್ಕಿಯಲ್ಲಿ ವಾಪಸ್ ತನ್ನಿ. ಅದನ್ನು ಏನು ಮಾಡುವುದು ಅಂತ ನಾನು ನೋಡಿಕೊಳ್ಳುತ್ತೇನೆ.